ಸಿಕ್ಕು ಬಿಡಿಸುವ ಹೊತ್ತು

ಸೊಸೆ ಮನೆಗೆ ಬಂದ ಒಂಬತ್ತನೆಯ ದಿನ ಬೆಳಗ್ಗೆ ಬಚ್ಚಲಿನ ನೀರು ಇಳಿಯುವುದನ್ನು ನಿಲ್ಲಿಸಿತು.

ಮನೆಯ ಯಜಮಾನ ಪ್ಲಂಬರ್. ಮೂವತ್ತೈದು ವರ್ಷಗಳಿಂದ ಊರಿನ ಅರ್ಧ ಮನೆಗಳ ನಲ್ಲಿ, ಕೊಳವೆ, ಮೋರಿಗಳನ್ನು ರಿಪೇರಿ ಮಾಡಿದವನು. ಎಲ್ಲರೂ ಅವನನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಅಂಥವನ ಮನೆಯ ಬಚ್ಚಲೇ ಕಟ್ಟಿಕೊಂಡಿತೆಂದರೆ ನಾಲ್ಕು ಜನ ನಗುವ ವಿಷಯ. ಮೇಸ್ತ್ರಿ ಪ್ಯಾಂಟು ಮಡಚಿಕೊಂಡು ಕುಕ್ಕುರುಗಾಲಲ್ಲಿ ಕೂತು, ಕೊಕ್ಕೆಯ ತಂತಿಯನ್ನು ತೂಬಿನೊಳಗೆ ಬಿಟ್ಟು ಎರಡು ಸಲ ತಿರುಗಿಸಿ ಎಳೆದ. ಬಂದದ್ದು ಕೂದಲು. ಒದ್ದೆ ಹಗ್ಗದ ಹಾಗೆ ಮೊಳಗಟ್ಟಲೆ ಬರುತ್ತಲೇ ಇತ್ತು.

"ಏ, ಇಲ್ಲಿ ಬಂದು ನೋಡು!" ಎಂದು ಹೆಂಡತಿಯನ್ನು ಕೂಗಿದ. "ಇದನ್ನ ಹೊಸೆದ್ರೆ ಬಾವಿಗೆ ಕೊಡ ಇಳಿಸಬಹುದು."

"ಮೆಲ್ಲಗೆ ಮಾತಾಡಿ. ಅವಳು ಒಳಗೇ ಇದಾಳೆ," ಎಂದಳು ಹೆಂಡತಿ.

"ಊರಿನವರ ಮೋರಿ ತೆಗೆದು ಸಾಕಾಗಿ ಮನೆಗೆ ಬಂದ್ರೆ ಇಲ್ಲೂ ಅದೇ ಕೆಲಸ ಕಾದಿರುತ್ತಲ್ಲ, ಅದಕ್ಕೆ ಹೇಳಿದೆ."

ಸೊಸೆ ಒಳಗೇ ಇದ್ದಳು, ಮತ್ತು ಕೇಳಿಸಿಕೊಂಡಳು. ಅವತ್ತು ತಿಂಡಿ ತಿನ್ನದೆ ಕೆಲಸಕ್ಕೆ ಹೋದಳು.

ಮೇಸ್ತ್ರಿಯ ಹೆಂಡತಿಯನ್ನು ಬೀದಿಯವರೆಲ್ಲ ಮಿಲ್ಲಕ್ಕ ಎನ್ನುತ್ತಿದ್ದರು. ಇಪ್ಪತ್ತೆಂಟು ವರ್ಷ ನೂಲಿನ ಮಿಲ್ಲಿನಲ್ಲಿ ದುಡಿದು, ಮಿಲ್ಲು ಮುಚ್ಚಿದ ಮೇಲೆ ಮನೆಯಲ್ಲಿ ಉಳಿದವಳು. ಮಿಲ್ಲು ಹೋದರೂ ಹೆಸರು ಉಳಿದಿತ್ತು, ಅಭ್ಯಾಸಗಳೂ ಉಳಿದಿದ್ದವು. ಕೂಗುವ ಸೈರನ್ ಇಲ್ಲದಿದ್ದರೂ ಐದೂವರೆಗೆ ಎದ್ದು ಕೂರುತ್ತಿದ್ದಳು. ಮಾತು ಸ್ವಲ್ಪ ಗಟ್ಟಿ; ಯಂತ್ರಗಳ ಸದ್ದಿನ ಮೇಲೆ ಮಾತಾಡಿ ಬೆಳೆದ ಗಂಟಲು. ತಲೆಗೂದಲನ್ನು ಕತ್ತಿನ ಮಟ್ಟಕ್ಕೆ ಕತ್ತರಿಸಿಕೊಳ್ಳುತ್ತಿದ್ದಳು. ಪ್ರತಿ ತಿಂಗಳ ಮೊದಲ ಸೋಮವಾರ ಕನ್ನಡಿಯ ಮುಂದೆ ನಿಂತು, ತಾನೇ ಹಿಂದಕ್ಕೆ ಕೈ ಹಾಕಿ, ಕಚಕ್ ಕಚಕ್ ಎಂದು ಮುಗಿಸುತ್ತಿದ್ದಳು. ಆ ಕೆಲಸಕ್ಕೆ ಚಹಾ ಕುದಿಯುವಷ್ಟು ಹೊತ್ತೂ ಬೇಕಾಗಿರಲಿಲ್ಲ.

ಸೊಸೆಯ ಕೂದಲು ಮಂಡಿಯವರೆಗೆ ಇತ್ತು. ಮದುವೆಗೆ ಬಂದವರು ಹುಡುಗಿಯ ಮುಖಕ್ಕಿಂತ ಬೆನ್ನನ್ನೇ ಹೆಚ್ಚು ನೋಡಿದ್ದರು. ಮಗನಂತೂ ಬಸ್ ಡಿಪೋದಲ್ಲಿ ತನ್ನ ಜೊತೆಯ ಮೆಕ್ಯಾನಿಕ್‌ಗಳಿಗೆಲ್ಲ ಫೋಟೋ ತೋರಿಸಿ ಬೀಗಿದ್ದ. ಆದರೆ ಫೋಟೋದಲ್ಲಿ ಕಂಡ ಕೂದಲು ಒಂದು, ಐದು ಜನಕ್ಕೆ ಒಂದೇ ಬಚ್ಚಲಿರುವ ಮನೆಯಲ್ಲಿ ದಿನಾ ಬೆಳಗ್ಗೆ ಕಾಣುವ ಕೂದಲು ಇನ್ನೊಂದು. ದಿಂಬಿನ ಮೇಲೆ ಎಣ್ಣೆ ಕಲೆ. ಕಸಬರಿಗೆಗೆ ಸುತ್ತಿಕೊಂಡ ಎಳೆಗಳು. ಮೇಸ್ತ್ರಿಯ ತಾಯಿ, ಎಂಬತ್ತು ದಾಟಿದ ಅಜ್ಜಿ, ಒಂದು ಭಾನುವಾರ ಮಧ್ಯಾಹ್ನ ತುತ್ತು ಬಾಯಿಗಿಟ್ಟು ಹಾಗೇ ನಿಲ್ಲಿಸಿದಳು. ಎರಡು ಬೆರಳಲ್ಲಿ ಬಾಯಿಂದ ಏನನ್ನೋ ಎಳೆಯತೊಡಗಿದಳು. ಅದು ಮುಗಿಯುವ ಲಕ್ಷಣವೇ ಕಾಣಲಿಲ್ಲ.

"ನನಗೆ ಹಲ್ಲಿಲ್ಲ ಅಂತ ದಾರ ಹಾಕಿ ಅನ್ನ ಬೇಯಿಸಿದೀರೇನೇ?"

ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. ಮಗನೂ ನಕ್ಕ. ಸೊಸೆ ತಟ್ಟೆ ಬಿಟ್ಟು ಎದ್ದಳು.

"ಕೂತ್ಕೋ," ಎಂದಳು ಮಿಲ್ಲಕ್ಕ. "ನಗೋರು ನಗಲಿ. ನೀನು ಅನ್ನ ಬಿಟ್ಟು ಏಳಬೇಡ. ಒಂದು ಮಾತು ಕೇಳ್ತೀನಿ, ಹೇಳು. ನೀನು ತಲೆ ಯಾವಾಗ ಬಾಚ್ತೀಯ? ನಾನು ಒಂದು ದಿನಾನೂ ನೋಡಿಲ್ಲ."

ಸೊಸೆ ತಲೆ ತಗ್ಗಿಸಿದಳು. "ಅಮ್ಮ ಬಾಚ್ತಿದ್ರು ಅತ್ತೆ."

"ಅಮ್ಮ ಅಲ್ಲಿದಾರೆ. ಇಲ್ಲಿ?"

"ನಾನು ಯಾವತ್ತೂ ಬಾಚ್ಕೊಂಡಿಲ್ಲ. ಚಿಕ್ಕವಳಿದ್ದಾಗಿಂದ ಅಮ್ಮನೇ. ಬೆಳಗ್ಗೆ ಐದಕ್ಕೆ ಎಬ್ಬಿಸಿ ಮುಂದೆ ಕೂರಿಸ್ಕೊಳ್ತಿದ್ರು. ತೊಳೆಯೋದು, ಒಣಗಿಸೋದು, ಎಣ್ಣೆ, ಜಡೆ, ಎಲ್ಲ ಅವರೇ. ನನ್ನ ಕೈಗೆ ಬಾಚಣಿಗೆ ಕೊಟ್ಟೇ ಇಲ್ಲ."

"ಇಪ್ಪತ್ಮೂರು ವರ್ಷ?" ಎಂದಳು ಅಜ್ಜಿ. "ಉಣ್ಣೋದು ಯಾರು ಕಲಿಸಿದ್ರು?"

"ಅಜ್ಜಿ, ಸಾಕು," ಎಂದ ಮಗ. ಕೈ ತೊಳೆದು ಡಿಪೋಗೆ ಹೊರಟ.

ಸೊಸೆಗೆ ಕೆಲಸ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವವರು ಏಳು ಗಂಟೆಗೇ ಬಂದು ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತಿದ್ದರು. ಅಷ್ಟರೊಳಗೆ ಅವಳು ಬಿಳಿ ಕೋಟು ತೊಟ್ಟು, ತಲೆಗೆ ಟೋಪಿ ಹಾಕಿ, ಸೂಜಿ ಹಿಡಿದು ನಿಂತಿರಬೇಕು. ಹಾಗಾಗಿ ಬೆಳಗ್ಗೆ ತಲೆಗೆ ನೀರು ಹಾಕಿಕೊಂಡ ದಿನ ಕೂದಲನ್ನು ಒದ್ದೆಯಲ್ಲೇ ಮುದ್ದೆ ಮಾಡಿ, ತುರುಬು ಕಟ್ಟಿ, ಟೋಪಿಯೊಳಗೆ ತುರುಕಿ ಓಡುತ್ತಿದ್ದಳು. ಸಂಜೆ ಬಂದ ಮೇಲೆ ಅದನ್ನು ಬಿಚ್ಚಲು ಭಯ. ಮೇಲ್ಮೇಲೆ ಸವರಿ ಮತ್ತೆ ಕಟ್ಟುತ್ತಿದ್ದಳು. ಹೊರಗೆ ನುಣುಪು, ಒಳಗೆ ಏನಾಗುತ್ತಿದೆಯೆಂದು ಯಾರಿಗೂ ತಿಳಿಯದು.

ಮೂರನೆಯ ಭಾನುವಾರ ಮಧ್ಯಾಹ್ನ ಅವಳು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು: "ಅತ್ತೆ, ಕತ್ತರಿ ಎಲ್ಲಿದೆ?"

"ಯಾವ ಕತ್ತರಿ? ಸೊಪ್ಪು ಕತ್ತರಿಸೋದಾ, ಬಟ್ಟೇದಾ?"

"ಯಾವುದಾದ್ರೂ ಸರಿ. ಕೂದಲಿಗೆ."

ಮಿಲ್ಲಕ್ಕ ಒಲೆಯ ಉರಿ ಸಣ್ಣದು ಮಾಡಿದಳು. ತಿರುಗಿ ನೋಡಿದರೆ ಹುಡುಗಿಯ ಕಣ್ಣು ಕೆಂಪಗೆ ಊದಿದೆ. "ಇತ್ತ ಬಾ, ತಿರುಗು," ಎಂದು ತುರುಬು ಬಿಚ್ಚಿ ಕತ್ತಿನ ಮೇಲೆ ಕೈಯಿಟ್ಟಳು. ಕೈಗೆ ಸಿಕ್ಕಿದ್ದು ಕೂದಲಿನ ಹಾಗಿರಲಿಲ್ಲ. ಹಳೆಯ ಕಂಬಳಿಯ ತುಂಡಿನ ಹಾಗೆ, ಅಂಗೈ ಅಗಲ ಗಟ್ಟಿಯಾಗಿ ಕೂತಿತ್ತು. ಮುಗ್ಗಲು ವಾಸನೆ. ಕೆಳಗೆ ಚರ್ಮ ಕೆರೆದು ಕೆರೆದು ಹುಣ್ಣಾಗಿತ್ತು.

ಅಜ್ಜಿಯೂ ಕೋಲೂರಿಕೊಂಡು ಬಂದು ಬಗ್ಗಿ ನೋಡಿದಳು. "ಇನ್ನೇನು ನೋಡ್ತೀಯ? ಕತ್ತರಿಸಿ ಬಿಸಾಕು. ಪೀಡೆ ಕಳೀತು."

"ಬೇಡ!" ಎಂದ ಮಗ ಕೋಣೆಯಿಂದ. "ಅಷ್ಟುದ್ದ ಕೂದಲು ಕತ್ತರಿಸ್ತಾರಾ?"

"ಹಾಗಾದ್ರೆ ನೀನು ಬಂದು ಬಿಡಿಸು," ಎಂದಳು ಸೊಸೆ. ಮದುವೆಯಾದ ಮೇಲೆ ಅವಳು ಗಂಡನಿಗೆ ಗಟ್ಟಿಯಾಗಿ ಹೇಳಿದ ಮೊದಲ ಮಾತು ಅದು. "ಫೋಟೋ ತೋರಿಸೋಕೆ ಕೂದಲು ಬೇಕು. ನೋವು ಮಾತ್ರ ನನಗೊಬ್ಬಳಿಗೆ."

ಮಗ ಕೋಣೆಯಿಂದ ಹೊರಗೆ ಬರಲಿಲ್ಲ. ಮಿಲ್ಲಕ್ಕ ಒಂದು ಬಟ್ಟಲಲ್ಲಿ ಎಣ್ಣೆ ಬೆಚ್ಚಗೆ ಮಾಡಿ, ಒಲೆ ಆರಿಸಿದಳು. ಪೆಟ್ಟಿಗೆ ತೆಗೆದು ಸ್ವೆಟರ್ ಹೆಣೆಯುವ ಕಡ್ಡಿಯೊಂದನ್ನು ಹುಡುಕಿದಳು. ಸೊಸೆಯನ್ನು ಹಿತ್ತಲ ಮೆಟ್ಟಿಲಿಗೆ ಕರೆದೊಯ್ದು, ಬೆಳಕಿಗೆ ಬೆನ್ನು ಮಾಡಿ ಕೂರಿಸಿ, ತಾನು ಒಂದು ಮೆಟ್ಟಿಲು ಮೇಲೆ ಕೂತಳು.

"ಅತ್ತೆ, ಇದು ಬಿಡಲ್ಲ."

"ಇಪ್ಪತ್ತೆಂಟು ವರ್ಷ ನಾನು ಮಾಡಿದ್ದು ಏನಂದ್ಕೊಂಡೆ? ನೂಲು ಸುತ್ತೋ ಕಡೆ ಇದ್ದೆ. ನೂರು ಬಾಬಿನ್ ತಿರುಗ್ತಿದ್ರೆ ಹತ್ತು ಕಡೆ ದಾರ ಕಡಿಯುತ್ತೆ, ಇಪ್ಪತ್ತು ಕಡೆ ಸಿಕ್ಕಾಗುತ್ತೆ. ಸಿಕ್ಕಾಯ್ತು ಅಂತ ಕತ್ತರಿಸ್ತಾ ಹೋಗಿದ್ರೆ ಮೊದಲ ವಾರವೇ ನನ್ನನ್ನ ಮನೆಗೆ ಕಳಿಸ್ತಿದ್ರು. ಮೇಲಿಂದ ಎಳೆದ್ರೆ ಬಿಗಿಯುತ್ತೆ. ತುದಿ ಹುಡುಕಬೇಕು, ಕೆಳಗಿಂದ ಸಡಿಲ ಮಾಡ್ತಾ ಮೇಲೆ ಹೋಗಬೇಕು. ಅಲುಗಾಡಬೇಡ."

ಅವತ್ತು ಎರಡು ಗಂಟೆ ಕೂತು ಎರಡು ಬೆರಳಿನಷ್ಟು ಬಿಡಿಸಿದಳು. ಮಾರನೆಯ ಸಂಜೆ ಲ್ಯಾಬಿನಿಂದ ಸೊಸೆ ಬಂದ ಮೇಲೆ ಮತ್ತಷ್ಟು. ಹೀಗೆ ನಾಲ್ಕು ಸಂಜೆ. ಕಡ್ಡಿಯ ಮೊನೆ ಒಂದೊಂದೇ ಎಳೆಯನ್ನು ಎತ್ತಿ ಪಕ್ಕಕ್ಕೆ ಇಡುತ್ತಿತ್ತು. ಅಜ್ಜಿ ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತು, ಎಷ್ಟಾಯಿತು ಎಂದು ಗಳಿಗೆಗೊಮ್ಮೆ ಕೇಳುತ್ತಿದ್ದಳು.

ಎರಡನೆಯ ಸಂಜೆ ಸೊಸೆ ಕೇಳಿದಳು: "ಅತ್ತೆ, ನಿಮ್ಮ ಕೂದಲು ಮೊದಲಿಂದಲೂ ಇಷ್ಟೇನಾ?"

ಕಡ್ಡಿ ಒಂದು ಕ್ಷಣ ನಿಂತಿತು.

"ಸೊಂಟ ದಾಟ್ತಿತ್ತು. ಹತ್ತೊಂಬತ್ತು ವರ್ಷದವರೆಗೆ. ಅಪ್ಪ ಕೆಲಸ ಮಾಡೋ ಹಾಗಿರ್ಲಿಲ್ಲ, ಮನೇಲಿ ನಾನೇ ದೊಡ್ಡವಳು. ಮಿಲ್ಲಲ್ಲಿ ಹುಡುಗೀರನ್ನ ತಗೊಳ್ತಾರೆ ಅಂತ ಗೊತ್ತಾಯ್ತು. ಗೇಟಲ್ಲಿ ಒಂದು ಬೋರ್ಡು ಹಾಕಿದ್ರು, ಕೂದಲು ಹೆಗಲಿಗಿಂತ ಕೆಳಗೆ ಇರಬಾರದು ಅಂತ. ಹಿಂದಿನ ವರ್ಷ ಒಬ್ಬಳ ಜಡೆ ಬೆಲ್ಟಿಗೆ ಸಿಕ್ಕಿತ್ತಂತೆ."

"ಅಯ್ಯೋ. ಆಮೇಲೆ?"

"ಬದುಕಿದ್ಳು. ಅಷ್ಟೇ ಹೇಳ್ತಿದ್ರು."

"ಅವಳಲ್ಲ ಅತ್ತೆ, ನೀವು."

"ನಾನಾ? ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ನೀರು ಕಾಯಿಸಿ ತಲೆ ತೊಳೆದಳು. ಬಿಸಿಲಲ್ಲಿ ಕೂರಿಸಿ ಒಣಗಿಸಿದ್ಳು. ಎಣ್ಣೆ ಹಚ್ಚಿ, ಬಾಚಿ, ಚೆನ್ನಾಗಿ ಜಡೆ ಹಾಕಿದ್ಳು. ಮದುವೆ ಮನೆಗೆ ಹೊರಟೋರಿಗೆ ಹಾಕಿದ ಹಾಗೆ. ಜಡೆ ಹಾಕಿ ಮುಗಿಸಿ, ಆಮೇಲೆ ಬುಡಕ್ಕೆ ಕತ್ತರಿ ಹಾಕಿದ್ಳು."

"ಆ ಜಡೆ ಏನಾಯ್ತು?"

"ಗೊತ್ತಿಲ್ಲ. ನಾನು ಕೇಳ್ಲಿಲ್ಲ, ಅವಳು ಹೇಳ್ಲಿಲ್ಲ. ಮಾರನೇ ದಿನ ಸೈರನ್ನಿಗೆ ಓಡಿದೆ."

"ಅಳು ಬರ್ಲಿಲ್ವಾ?"

"ಎಲ್ಲಿ ಹೊತ್ತಿತ್ತು? ಒಳ್ಳೇ ದಿನಗಳು ಕಣೇ ಅವು. ನಲವತ್ತು ಹುಡುಗೀರು, ಎಲ್ಲರದೂ ಗಿಡ್ಡ ಕೂದಲು. ಗಾಳಿ ತುಂಬಾ ಹತ್ತಿಯ ಧೂಳು. ಪಾಳಿ ಬಿಟ್ಟು ಹೊರಗೆ ಬರುವಾಗ ಇಪ್ಪತ್ತಕ್ಕೇ ಎಲ್ಲರ ತಲೇನೂ ಬೆಳ್ಳಗೆ, ಮುದುಕೀರ ಹಾಗೆ. ಗೇಟಿನ ಹತ್ತಿರ ನಿಂತು ತಲೆ ಒದರಿದ್ರೆ ಮತ್ತೆ ಹುಡುಗೀರು. ಸೈಕಲ್ಲಲ್ಲಿ ಹೋಗೋರು ನಿಂತು ನೋಡ್ತಿದ್ರು. ನಿಮ್ಮ ಮಾವ ಹಾಗೆ ನಿಂತು ನೋಡಿದೋರೇ."

"ನಾನು ಕೊಳಾಯಿ ರಿಪೇರಿಗೆ ಬಂದಿದ್ದೆ," ಎಂದ ಮೇಸ್ತ್ರಿ ಒಳಗಿನಿಂದ.

"ಹೌದೌದು. ಮಿಲ್ಲಿನ ಗೇಟಲ್ಲಿ ಯಾವ ಕೊಳಾಯಿ ಇತ್ತೋ!"

ಸೊಸೆ ನಕ್ಕಳು. ಆ ಮನೆಯಲ್ಲಿ ಅವಳು ನಕ್ಕಿದ್ದು ಅದೇ ಮೊದಲು. ನಕ್ಕಾಗ ತಲೆ ಅಲುಗಿತೆಂದು ಅತ್ತೆಯಿಂದ ಬೈಸಿಕೊಂಡಳು.

ನಾಲ್ಕನೆಯ ಸಂಜೆ ಕೊನೆಯ ಗಂಟು ಬಿಟ್ಟಿತು. ಕತ್ತರಿ ಹಾಕದೆ ಇದ್ದರೂ ಒಂದು ಮುಷ್ಟಿ ಕೂದಲು ಉದುರಿಬಂದಿತ್ತು. ಮಿಲ್ಲಕ್ಕ ಕೈ ಒರೆಸಿಕೊಂಡು ಎದ್ದು, ಅಗಲ ಹಲ್ಲಿನ ಬಾಚಣಿಗೆಯೊಂದನ್ನು ಸೊಸೆಯ ಮಡಿಲಿಗೆ ಹಾಕಿದಳು.

"ಬಿಡಿಸೋದು ಇದೇ ಮೊದಲು, ಇದೇ ಕೊನೆ. ಇನ್ಮೇಲೆ ನೀನೇ. ನಾನು ಹೇಳಿಕೊಡ್ತೀನಿ, ಆದ್ರೆ ನಿನ್ನ ತಲೆಗೆ ಕೈ ಹಾಕಲ್ಲ."

ಮರುದಿನ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದ ಒಂದು ಪಟ್ಟಿ ಬಚ್ಚಲ ಬಾಗಿಲಿಗೆ ಅಂಟಿಕೊಂಡಿತು. ಅಜ್ಜಿ ಅದನ್ನು ಮೊಮ್ಮಗನ ಕೈಲಿ ಓದಿಸಿಕೊಂಡು, "ಮಿಲ್ಲು ಮುಚ್ಚಿತು ಅಂದ್ಕೊಂಡಿದ್ವಿ, ನಮ್ಮನೇಲೇ ತೆಗೆದಿದಾಳೆ," ಎಂದಳು.

ಪಟ್ಟಿಯಲ್ಲಿ ಇದ್ದದ್ದು ದೊಡ್ಡ ವಿದ್ಯೆಯೇನಲ್ಲ. ಸಂಜೆ ಆರೂವರೆಗೆ ಜಡೆ ಬಿಚ್ಚಬೇಕು. ಮೊದಲು ತುದಿ, ಆಮೇಲೆ ನಡು, ಕೊನೆಗೆ ನೆತ್ತಿ, ಹೀಗೆ ಬಾಚಬೇಕು. ತುದಿಗೆ ನಾಲ್ಕು ಹನಿ ಎಣ್ಣೆ. ಸಡಿಲವಾಗಿ ಒಂದು ಜಡೆ ಹಾಕಿಕೊಂಡು ಮಲಗಬೇಕು. ಆಗ ಬೆಳಗ್ಗೆ ಅದನ್ನೇ ಸುತ್ತಿ ಪಿನ್ನು ಚುಚ್ಚಿದರೆ ಐದು ನಿಮಿಷದ ಕೆಲಸ. ತಲೆಗೆ ನೀರು ಬುಧವಾರ ಸಂಜೆ ಮತ್ತು ಭಾನುವಾರ ಮಧ್ಯಾಹ್ನ ಮಾತ್ರ. ಬೆಳಗ್ಗೆ ಸುತರಾಂ ಇಲ್ಲ. ಶಾಂಪೂ ನೆತ್ತಿಗೆ ಸಾಕು, ಉದ್ದಕ್ಕೆಲ್ಲ ಉಜ್ಜಬಾರದು. ಒರೆಸಲು ಹಳೆಯ ಮೆತ್ತನೆಯ ಬಟ್ಟೆ, ಅದರಲ್ಲಿ ಒತ್ತಬೇಕು, ತಿಕ್ಕಬಾರದು. ಒದ್ದೆ ಕೂದಲಿಗೆ ತುರುಬು ಕಟ್ಟಿದರೆ, ಎಂದು ಬರೆದು ಮುಂದೆ ಏನೂ ಬರೆದಿರಲಿಲ್ಲ. ಅದರ ಕೆಳಗೆ ಎರಡು ಗೆರೆ ಎಳೆದಿತ್ತು.

ಮೇಸ್ತ್ರಿ ತೂಬಿನ ಬಾಯಿಗೆ ಸರಿಯಾಗಿ ಕೂರುವ ಸಣ್ಣ ಜಾಲರಿ ಕತ್ತರಿಸಿ ಹಾಕಿದ. ಭಾನುವಾರದ ಬಿಸಿನೀರು ಹೊತ್ತು ತರುವುದು ಮಗನ ಪಾಲಿಗೆ ಬಂತು.

ಹತ್ತು ದಿನ ಎಲ್ಲ ಸುಸೂತ್ರ. ಹನ್ನೊಂದನೆಯ ದಿನ ಲ್ಯಾಬಿನಲ್ಲಿ ಒಬ್ಬಳು ರಜೆ ಹಾಕಿದ್ದರಿಂದ ಸೊಸೆ ಎರಡು ಜನರ ಕೆಲಸ ಮಾಡಿ ಸೋತು ಬಂದಳು. ಉಂಡು ಮಲಗಿಬಿಟ್ಟಳು. ಮಾರನೆಯ ದಿನವೂ ಹಾಗೆಯೇ. ಮೂರನೆಯ ಸಂಜೆ ಬಾಚಣಿಗೆ ಹಿಡಿದು ಮಿಲ್ಲಕ್ಕನ ಮುಂದೆ ಬಂದು ಕೂತಳು.

"ಅತ್ತೆ, ಇವತ್ತೊಂದು ದಿನ ನೀವೇ ಬಾಚಿಬಿಡಿ. ಮತ್ತೆ ಗಂಟಾಗಿದೆ. ಕೈ ಎತ್ತೋಕಾಗ್ತಿಲ್ಲ."

"ಇಲ್ಲ."

"ಒಂದೇ ಒಂದು ದಿನ."

"ಇವತ್ತು ಒಂದು, ನಾಳೆ ಇನ್ನೊಂದು. ಆಮೇಲೆ ನಾನು ಎಲ್ಲಿಗೂ ಹೋಗೋ ಹಾಗಿಲ್ಲ, ನೀನೂ ಎಲ್ಲಿಗೂ ಹೋಗೋ ಹಾಗಿಲ್ಲ. ನಿನ್ನ ತಲೆ, ನಿನ್ನ ಕೈ."

"ಅಮ್ಮ ಆಗಿದ್ರೆ ಕೇಳೋ ಮೊದಲೇ ಬಾಚ್ತಿದ್ರು," ಎಂದಳು ಸೊಸೆ.

"ಅಮ್ಮ," ಎಂದ ಮಗ ಟಿವಿಯ ಮುಂದಿನಿಂದ, "ಒಂದು ಜಡೆ ಹಾಕಿದ್ರೆ ನಿನ್ನ ಗಂಟೇನು ಹೋಗುತ್ತೆ?"

"ನಿನ್ನ ಗಂಟೂ ಏನೂ ಹೋಗಲ್ಲ. ಎದ್ದು ಬಾ, ನೀನೇ ಹಾಕು."

ಮಾತಿಗೆ ಸಿಕ್ಕಿಬಿದ್ದ ಮಗ ನಿಜವಾಗಿಯೂ ಎದ್ದು ಬಂದ. ಬಸ್ಸಿನ ಎಂಜಿನ್ನನ್ನೇ ಬಿಚ್ಚಿ ಜೋಡಿಸುವವನಿಗೆ ಮೂರು ಎಳೆ ಹೆಣೆಯುವುದು ಯಾವ ಮಹಾ ಎಂದುಕೊಂಡಿದ್ದ. ಅರ್ಧ ಗಂಟೆ ಬೆವರು ಸುರಿಸಿದ ಮೇಲೆ ಏನೋ ಒಂದು ತಯಾರಾಯಿತು. ಸೊಸೆ ಕೈಯಲ್ಲಿ ಮುಟ್ಟಿ ನೋಡಿ, "ಇದು ಜಡೆನಾ, ಫ್ಯಾನ್ ಬೆಲ್ಟಾ?" ಎಂದಳು. ಅಜ್ಜಿ ಕೆಮ್ಮು ಬರುವಷ್ಟು ನಕ್ಕಳು. ಆದರೆ ಅತ್ತೆಯ ಮೇಲಿನ ಸೊಸೆಯ ಸಿಟ್ಟು ಇಳಿಯಲಿಲ್ಲ. ಎರಡು ದಿನ "ಊಟ ಹಾಕಲಾ", "ಹೂಂ" ಎನ್ನುವುದು ಬಿಟ್ಟು ಇಬ್ಬರ ನಡುವೆ ಮಾತಿರಲಿಲ್ಲ. ಮಿಲ್ಲಕ್ಕ ಇನ್ನೂ ಗಟ್ಟಿಯಾಗಿ ಪಾತ್ರೆ ತೊಳೆದಳು. "ಸ್ವಲ್ಪ ಬಗ್ಗಿದ್ರೆ ಏನಾಗ್ತಿತ್ತು?" ಎಂದು ಮೇಸ್ತ್ರಿ ಕೇಳಿದ್ದಕ್ಕೆ, "ನೀವು ಸುಮ್ನಿರಿ," ಎಂದಳು.

ಮೂರನೆಯ ದಿನ ಆರೂವರೆಗೆ ಅವಳು ಅಡಿಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದಾಗ ಹಿತ್ತಲ ಮೆಟ್ಟಿಲಿನಿಂದ ಸದ್ದು ಬಂತು. ಬಾಚಣಿಗೆ ಕೂದಲೊಳಗೆ ಇಳಿಯುವ ಸದ್ದು, ನಡುವೆ ಒಂದು "ಸ್ಸ್", ಮತ್ತೆ ಅದೇ ಸದ್ದು. ಮಿಲ್ಲಕ್ಕ ಎದ್ದು ಹೋಗಿ ನೋಡಲಿಲ್ಲ. ಬಟಾಣಿಯ ಬುಟ್ಟಿಯನ್ನು ಮಾತ್ರ ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡು ಕೂತಳು. ತಾನು ಹುಡುಗಿಯಾಗಿದ್ದ ಮನೆಯಲ್ಲಿ ಸಂಜೆಯಾದರೆ ಇದೇ ಸದ್ದು ಇರುತ್ತಿತ್ತು. ಅಮ್ಮ ಒಬ್ಬೊಬ್ಬಳನ್ನೇ ಕರೆದು ಮುಂದೆ ಕೂರಿಸಿಕೊಳ್ಳುತ್ತಿದ್ದಳು; ತಂಗಿಯರಿಬ್ಬರೂ ನಾ ಮುಂದು ತಾ ಮುಂದು ಎಂದು ಕಚ್ಚಾಡುತ್ತಿದ್ದರು; ದೊಡ್ಡವಳಾದ ತನ್ನ ಸರದಿ ಯಾವಾಗಲೂ ಕೊನೆಗೆ, ಬೆಳಕು ಮಾಸುವ ಹೊತ್ತಿಗೆ. ಆಗ ಅಮ್ಮನಿಗೆ ಅವಸರ ಇರುತ್ತಿರಲಿಲ್ಲ. ಬಾಚುತ್ತಾ ಬಾಚುತ್ತಾ ಅದೂ ಇದೂ ಹೇಳುತ್ತಿದ್ದಳು. ಏನು ಹೇಳುತ್ತಿದ್ದಳೆಂದು ಮಾತ್ರ ಈಗ ಒಂದೂ ನೆನಪಿರಲಿಲ್ಲ.

ಅವತ್ತು ಬಟಾಣಿ ಸುಲಿದು ಮುಗಿಯುವಾಗ ಅಡಿಗೆ ಹೊತ್ತು ಮೀರಿತ್ತು. ಹಸಿವಾಯಿತು ಎಂದು ಅಜ್ಜಿ ಗೊಣಗಿದಳು.

ಅಲ್ಲಿಂದ ಮುಂದೆ ಸೊಸೆ ತಪ್ಪಿಸಲಿಲ್ಲ. ಮೊದಮೊದಲು ಮುಕ್ಕಾಲು ಗಂಟೆ ಹಿಡಿಯುತ್ತಿದ್ದದ್ದು ಅರ್ಧ ಗಂಟೆಗೆ ಬಂತು. ಉದ್ದಕ್ಕೆ ಕೈ ಎಟಕದೆ ಹೋದಾಗ ಜಡೆಯನ್ನು ಹೆಗಲ ಮೇಲಿಂದ ಮುಂದಕ್ಕೆ ತಂದುಕೊಂಡು ಹೆಣೆಯುವುದನ್ನು ತಾನೇ ಕಂಡುಕೊಂಡಳು. ಅತ್ತೆ ಹೇಳಿಕೊಟ್ಟದ್ದಲ್ಲ ಅದು. ಕತ್ತಿನ ಹುಣ್ಣು ಒಣಗಿತು. ಬಚ್ಚಲಿನ ನೀರು ಸರಾಗವಾಗಿ ಇಳಿಯತೊಡಗಿತು.

ಏಳನೆಯ ವಾರ, ಭಾನುವಾರ, ಸೊಸೆಯ ತಾಯಿ ಬಂದಳು. ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಅಪ್ಪ ಇಲ್ಲದ ಒಬ್ಬಳೇ ಮಗಳು. ಅವಳ ಮದುವೆಯಾದ ಮೇಲೆ ಆ ತಾಯಿ ಮನೆಯಲ್ಲಿ ಒಬ್ಬಳೇ. ಸಣ್ಣ ಆಳು, ಮೆಲುಮಾತು. ಚೀಲದಿಂದ ಹಣ್ಣು ತೆಗೆದಿಟ್ಟಳು, ತಾನೇ ಕಾಯಿಸಿದ ಎಣ್ಣೆಯ ಬಾಟಲಿ ತೆಗೆದಿಟ್ಟಳು. ಊಟದ ಮೇಲೆ ತಲೆಗೆ ನೀರು ಹಾಕಿಕೊಂಡು, ಬಿಸಿಲಲ್ಲಿ ಒಣಗಿಸಿಕೊಂಡ ಮಗಳು ಮೆಟ್ಟಿಲ ಮೇಲೆ ಕೂತದ್ದೇ ತಡ, ಅವಳ ಹಿಂದೆ ಹೋಗಿ ಕೂತು ಕೈಯಿಂದ ಬಾಚಣಿಗೆ ತೆಗೆದುಕೊಂಡಳು.

"ಅಮ್ಮ, ಕೊಡಿ. ನಾನೇ ಬಾಚ್ಕೋತೀನಿ."

"ನೀನಾ? ನಿನಗೆಲ್ಲಿ ಬರುತ್ತೆ?"

"ಬರುತ್ತೆ. ದಿನಾ ನಾನೇ ಮಾಡ್ಕೊಳ್ಳೋದು."

ತಾಯಿ ಪಕ್ಕದಲ್ಲೇ ಕೂತಿದ್ದ ಮಿಲ್ಲಕ್ಕನ ಕಡೆ ನೋಡಿದಳು. ದನಿ ಮೆಲ್ಲಗಿದ್ದರೂ ಮಾತು ಮೆಲ್ಲಗಿರಲಿಲ್ಲ. "ಏನಕ್ಕ ಇದು? ಇಪ್ಪತ್ಮೂರು ವರ್ಷ ನಾನು ಒಂದು ದಿನ ಅವಳ ಕೈಗೆ ಬಾಚಣಿಗೆ ಕೊಟ್ಟಿಲ್ಲ. ಕೆಲಸಕ್ಕೆ ಹೋಗಿ ಸೋತು ಬರೋ ಹುಡುಗಿ. ಮನೇಲಿ ಇಬ್ಬರು ಹೆಂಗಸರಿದ್ದೂ ಅವಳ ಕೈಲೇ ಬಾಚಿಸಿದ್ರಾ?"

"ನೀವು ಕೊಡದೆ ಇದ್ದಿದ್ದಕ್ಕೇ ತೊಂದ್ರೆ ಆಗಿದ್ದು," ಎಂದಳು ಮಿಲ್ಲಕ್ಕ. ಆಡಿದ ಮೇಲೆ ಆಡಬಾರದಿತ್ತು ಎನಿಸಿತು. ಆದರೆ ಮಾತು ಹೊರಬಿದ್ದಾಗಿತ್ತು.

"ತೊಂದ್ರೆನಾ? ಏನು ತೊಂದ್ರೆ?"

ಸೊಸೆ ಹೇಳಬೇಕಾಯಿತು. ಮೋರಿ, ಅನ್ನದೊಳಗಿನ ಕೂದಲು, ಟೋಪಿಯೊಳಗಿನ ಮುದ್ದೆ, ಕತ್ತಿನ ಹುಣ್ಣು, ಕತ್ತರಿ ಕೇಳಿದ್ದು, ನಾಲ್ಕು ಸಂಜೆ ಕಡ್ಡಿಯಲ್ಲಿ ಬಿಡಿಸಿದ್ದು. ತಾಯಿ ಬಾಚಣಿಗೆಯನ್ನು ಹಿಡಿದೇ ಕೇಳಿಸಿಕೊಂಡಳು.

"ಫೋನಲ್ಲಿ ಒಂದು ಮಾತು ಹೇಳ್ಲಿಲ್ವಲ್ಲೇ. ಹೇಳಿದ್ರೆ ಮುಂದಿನ ಬಸ್ಸಿಗೆ ಬರ್ತಿದ್ದೆ."

"ಅದಕ್ಕೇ ಹೇಳ್ಲಿಲ್ಲಮ್ಮ."

ತಾಯಿ ಬಾಚಣಿಗೆ ಕೊಟ್ಟಳು. ಮಗಳು ಕೂದಲನ್ನು ಎರಡು ಪಾಲು ಮಾಡಿ, ಒಂದನ್ನು ಮುಂದಕ್ಕೆ ತಂದುಕೊಂಡು, ತುದಿಯಿಂದ ಬಾಚತೊಡಗಿದಳು. ಹಿಂದೆ ಕೂತ ತಾಯಿಯ ಕೈಗಳು ಮಡಿಲಲ್ಲಿ ಸುಮ್ಮನಿರಲಾರದೆ ಒಂದನ್ನೊಂದು ಹಿಡಿದುಕೊಂಡವು.

"ಬೈತಲೆ ಓರೆ ಆಗಿದೆ."

"ಆಗಲಿಬಿಡಿ."

"ಆ ಕಡೆ ಒಂದೆಳೆ ಬಿಟ್ಟೆ."

"ಗೊತ್ತು, ತಗೋತೀನಿ."

ಜಡೆ ಮುಗಿಯಿತು. ತಾಯಿ ಅದನ್ನು ಮೇಲಿಂದ ಕೆಳಗೆ ನೋಡಿದಳು. "ಚೆನ್ನಾಗಿ ಬಂದಿದೆ," ಎಂದಳು. ಮಗಳು ಬಟ್ಟೆ ಒಣಹಾಕಲು ಎದ್ದು ಹೋದಳು.

ಮೆಟ್ಟಿಲ ಮೇಲೆ ಬೀಗಿತ್ತಿಯರಿಬ್ಬರೇ ಉಳಿದರು.

"ಬೇಜಾರು ಮಾಡ್ಕೋಬೇಡಿ," ಎಂದಳು ಮಿಲ್ಲಕ್ಕ. "ನನ್ನ ಮಾತೇ ಹಾಗೆ. ಮಿಲ್ಲಲ್ಲಿ ಕೆಟ್ಟಿದ್ದು."

"ಬೇಜಾರಲ್ಲ ಅಕ್ಕ. ಅವಳು ಕಲಿತಿದ್ದು ಒಳ್ಳೇದೇ ಆಯ್ತು." ಬೀಗಿತ್ತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಅವಳಪ್ಪ ಹೋದಾಗ ಅವಳಿಗೆ ನಾಲ್ಕು ವರ್ಷ. ಏನು ಮಾಡ್ಬೇಕು ಅಂತ ಗೊತ್ತಾಗದೆ ಇದ್ದಾಗ ಅವಳನ್ನ ಮುಂದೆ ಕೂರಿಸ್ಕೊಂಡು ಬಾಚ್ತಾ ಕೂರ್ತಿದ್ದೆ. ಅಷ್ಟು ಹೊತ್ತು ಮನಸ್ಸು ಸರಿಯಾಗಿರೋದು. ಅದೇ ರೂಢಿ ಆಯ್ತು. ಈಗಲೂ ಐದಕ್ಕೆ ಎದ್ದುಬಿಡ್ತೀನಿ ಅಕ್ಕ. ಎದ್ದು ಕೂತು... ಕೈಗೆ ಏನೂ ಕೆಲಸ ಇರಲ್ಲ."

ಮಿಲ್ಲಕ್ಕ ಅವಳ ಕೈಗಳನ್ನು ನೋಡಿದಳು. ಎಣ್ಣೆ ಹಚ್ಚಿ ಹಚ್ಚಿ ನುಣುಪಾದ ಬೆರಳುಗಳು. ತನ್ನ ಮೆಟ್ಟಿಲಿನಿಂದ ಎದ್ದು, ಕೆಳಗಿನ ಮೆಟ್ಟಿಲಿಗೆ ಇಳಿದು, ಬೀಗಿತ್ತಿಗೆ ಬೆನ್ನು ಹಾಕಿ ಕೂತಳು.

"ಅಷ್ಟು ದೂರದಿಂದ ಎಣ್ಣೆ ಹೊತ್ಕೊಂಡು ಬಂದಿದೀರ. ನನ್ನ ತಲೆಗೂ ಒಂದಿಷ್ಟು ಹಾಕಿ."

"ಅಯ್ಯೋ ಅಕ್ಕ, ನಾನು ನಿಮ್ಮ ತಲೆಗೆ..."

"ಯಾಕೆ, ನನ್ನದು ತಲೆ ಅಲ್ವಾ?"

ಬೀಗಿತ್ತಿ ಅಂಗೈಗೆ ಎಣ್ಣೆ ಬಗ್ಗಿಸಿ, ಎರಡೂ ಕೈಗೆ ಹರಡಿ, ಮೆಲ್ಲಗೆ ನೆತ್ತಿಯ ಮೇಲಿಟ್ಟಳು. ಮಿಲ್ಲಕ್ಕನ ಹೆಗಲು ಒಮ್ಮೆ ಬಿಗಿಯಿತು. ಆ ತಲೆಯನ್ನು ಹೀಗೆ ಇನ್ನೊಬ್ಬರ ಕೈ ಹಿಡಿದು ನಲವತ್ತು ವರ್ಷಕ್ಕೆ ಮೇಲಾಗಿತ್ತು. ಬೆರಳುಗಳು ಕಿವಿಯ ಹಿಂದೆ, ಕತ್ತಿನ ಮೇಲೆ, ಮತ್ತೆ ನೆತ್ತಿಗೆ, ದಾರಿ ಗೊತ್ತಿದ್ದ ಹಾಗೆ ಓಡಾಡಿದವು.

"ನೋಯ್ತಿದೆಯಾ ಅಕ್ಕ?"

"ಇಲ್ಲ."

"ನಿಲ್ಲಿಸ್ಲಾ?"

"ಬೇಡ."

ಒಳಗಿನಿಂದ ಬಂದ ಅಜ್ಜಿ ಬಾಗಿಲಲ್ಲೇ ನಿಂತಳು. ಬಾಯಿಗೆ ಬಂದ ಕುಚೋದ್ಯವನ್ನು ಮಿಲ್ಲಕ್ಕನ ಮುಖ ನೋಡಿ ನುಂಗಿಕೊಂಡು ಹಿಂದಕ್ಕೆ ಹೋದಳು. ಬಟ್ಟೆ ಒಣಹಾಕುತ್ತಿದ್ದ ಹುಡುಗಿಯೂ ನೋಡಿದಳು. ಒಂದು ಒದ್ದೆ ಅಂಗಿಯನ್ನು ಕೈಯಲ್ಲಿ ಹಿಡಿದು ಹಾಗೆಯೇ ನಿಂತಿದ್ದಳು.

ಬಾಚಿದ ಮೇಲೆ ಬೀಗಿತ್ತಿ ಜಡೆ ಹಾಕಿದಳು. ಹಾಕಲು ಅಲ್ಲಿ ಏನಿತ್ತು? ಮೂರು ಹೆಣಿಗೆಗೆ ಮುಗಿದುಹೋಯಿತು. ತುದಿಗೆ ದಾರ ಕಟ್ಟಿ ಬಿಟ್ಟಳು. ಕೆಲಸ ಮುಗಿಸಿ ಬಂದ ಮೇಸ್ತ್ರಿ ಕೈಕಾಲು ತೊಳೆಯಲು ಹಿತ್ತಲಿಗೆ ಬಂದವನು ಹೆಂಡತಿಯನ್ನು ನೋಡಿ ಏನೋ ಹೇಳಹೊರಟ, ಆಮೇಲೆ ಚಹಾ ಇದೆಯಾ ಎಂದಷ್ಟೇ ಕೇಳಿದ.

ಬೀಗಿತ್ತಿಗೆ ನಾಲ್ಕರ ಬಸ್ಸು ತಪ್ಪಿತು. ಆರರ ಬಸ್ಸಿಗೆ ಮೇಸ್ತ್ರಿ ನಿಲ್ದಾಣದವರೆಗೆ ಹೋಗಿ ಹತ್ತಿಸಿ ಬಂದ. ರಾತ್ರಿ ಊಟಕ್ಕೆ ಕೂತಾಗ ನೆನಪಾಯಿತು.

"ಬಸ್ಸು ಹೊರಟ ಮೇಲೆ ಕಿಟಕಿಯಿಂದ ಕೂಗಿ ಹೇಳಿದ್ರು. ಮುಂದಿನ ತಿಂಗಳು ಮತ್ತೆ ಬರ್ತಾರಂತೆ. ಅಷ್ಟರೊಳಗೆ ಅಕ್ಕ ಕೂದಲಿಗೆ ಕತ್ತರಿ ಹಾಕಬಾರದು ಅಂತ ಹೇಳಿ ಅಂದ್ರು."

"ಅವರಿಗೇನು ಹುಚ್ಚು," ಎಂದಳು ಮಿಲ್ಲಕ್ಕ. ಎಲ್ಲರ ತಟ್ಟೆಗೂ ಬಡಿಸಿ ತಾನೂ ಕೂತಳು. "ಈ ವಯಸ್ಸಲ್ಲಿ ಇದೆಲ್ಲ ಬೆಳೆಯುತ್ತಾ?"

"ಬೆಳೆಯುತ್ತೆ ಅತ್ತೆ," ಎಂದಳು ಸೊಸೆ. "ತಿಂಗಳಿಗೆ ಅರ್ಧ ಇಂಚು."

ಮುಂದಿನ ತಿಂಗಳ ಮೊದಲ ಸೋಮವಾರ ಬಂತು. ಮಿಲ್ಲಕ್ಕ ಎಂದಿನಂತೆ ಐದೂವರೆಗೆ ಎದ್ದು, ಹಾಲು ಕಾಯಿಸಿ, ಎಲ್ಲರನ್ನೂ ಕೆಲಸಕ್ಕೆ ಕಳಿಸಿದಳು. ಕನ್ನಡಿಯ ಮುಂದೆ ಹೋಗಿ ನಿಂತಳು. ಕತ್ತಿನ ಕೆಳಗೆ ಇಳಿದ ಕೂದಲನ್ನು ಬೆರಳಲ್ಲಿ ಹಿಡಿದು ಎಷ್ಟಿದೆ ಎಂದು ನೋಡಿದಳು. ಆಮೇಲೆ ಬಾಚಣಿಗೆ ತೆಗೆದುಕೊಂಡು, ತುದಿಯಿಂದ ಶುರುಮಾಡಿದಳು.